ಹೊಲ ಹೋದ ಮೇಲೆ ಮನೆ ನಡೆಯುವುದು ಹೇಗೆ?

ಮೈಸೂರಿನ ಹುಣಸೂರು ರಸ್ತೆಗೂ ಕೆಆರ್‌ಎಸ್ ರಸ್ತೆಗೂ ನಡುವಿನ ಹೆಬ್ಬಾಳ ಒಂದು ಕಾಲಕ್ಕೆ ಕೆರೆ, ಹೊಲಗಳ ಊರು. ಈಗ ಅಲ್ಲಿ ಕೆಐಎಡಿಬಿ ಕೈಗಾರಿಕಾ ಪ್ರದೇಶವಿದೆ, ಇನ್ಫೋಸಿಸ್ ತರಬೇತಿ ಕೇಂದ್ರವಿದೆ. ಇಂಥ ಊರುಗಳ ಬಗ್ಗೆ ನಾವು ಸಲೀಸಾಗಿ ಆಡುವ ಮಾತುಗಳಲ್ಲಿ ಹಲವು ನಿಜವಲ್ಲ.

ತಪ್ಪು ಕಲ್ಪನೆ: ಜಮೀನು ಹೋದ ರೈತ ಫ್ಯಾಕ್ಟರಿ ನೌಕರನಾಗುತ್ತಾನೆ.

ವಾಸ್ತವ: ಕಾಯಂ ಕೆಲಸಕ್ಕೆ ಐಟಿಐ, ಡಿಪ್ಲೊಮಾ ಕೇಳುತ್ತಾರೆ. ನಡುವಯಸ್ಸು ದಾಟಿದ ಬೇಸಾಯಗಾರನಿಗೆ ಗೊತ್ತಿರುವ ವಿದ್ಯೆಗೆ ಅಲ್ಲಿ ಬೆಲೆಯಿಲ್ಲ. ಹಾಗಾಗಿ ಕಸುಬು ಬದಲಾಗುವುದಕ್ಕಿಂತ ಮನೆಯವರೆಲ್ಲರಿಗೂ ಹಂಚಿಹೋಗುತ್ತದೆ. ಮಗ ಗುತ್ತಿಗೆದಾರರ ಕೈಕೆಳಗೆ ಪಾಳಿ ಕೆಲಸಕ್ಕೆ, ಸೊಸೆ ಹೌಸ್‌ಕೀಪಿಂಗಿಗೆ, ಅಪ್ಪ ಸೆಕ್ಯುರಿಟಿಗೆ. ಅವ್ವ ಎರಡು ಹಸು ಉಳಿಸಿಕೊಂಡು ಡೇರಿಗೆ ಹಾಲು ಹಾಕುತ್ತಾಳೆ. ಪರಿಹಾರದ ದುಡ್ಡು ಕೈಗೆ ಬಂದಿದ್ದರೆ ಹಿತ್ತಲಲ್ಲಿ ಸಾಲು ರೂಮುಗಳು ಏಳುತ್ತವೆ: ಮೂಲೆಯಲ್ಲಿ ಅಡುಗೆ ಕಟ್ಟೆ, ಹೊರಗೆ ಎಲ್ಲರಿಗೂ ಒಂದೇ ನಲ್ಲಿ. ಬಾಡಿಗೆಗೆ ಬರುವವರೂ ಕಂಪನಿ ಕೆಲಸದವರೇ. ಆರ್ಡರ್ ಕಮ್ಮಿಯಾದಾಗ ಮೊದಲು ಹೋಗುವುದು ಗುತ್ತಿಗೆ ಕೆಲಸ, ಅದರ ಬೆನ್ನಿಗೇ ರೂಮೂ ಖಾಲಿ. ಐದು ಕಡೆಯ ಆದಾಯ ಎಂದು ಕಾಣುವುದರಲ್ಲಿ ನಾಲ್ಕು ಒಂದೇ ಗೇಟನ್ನು ನಂಬಿಕೊಂಡಿರುತ್ತವೆ. ಕೆಟ್ಟ ಕಾಲಕ್ಕೆ ನಿಜವಾಗಿ ಆಗಿಬರುವುದು ಆ ಎರಡು ಹಸು.

ತಪ್ಪು ಕಲ್ಪನೆ: ಜಮೀನು ಉಳಿದವರ ಸಂಸಾರ ಬೆಳೆಯಿಂದಲೇ ನಡೆಯುತ್ತದೆ.

ವಾಸ್ತವ: 2018-19ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಕೃಷಿ ಕುಟುಂಬದ ಸರಾಸರಿ ತಿಂಗಳ ಆದಾಯ 10,218 ರೂಪಾಯಿ. ಅದರಲ್ಲಿ ಕೂಲಿ-ಸಂಬಳದ್ದು 4,063, ಬೆಳೆಯದ್ದು 3,798. ಆರು ವರ್ಷದ ಹಿಂದಿನ ಸಮೀಕ್ಷೆಯಲ್ಲಿ ಬೆಳೆಯೇ ಮುಂದಿತ್ತು.

ತಪ್ಪು ಕಲ್ಪನೆ: ನಾಲೆ ನೀರು ಬಂದ ಊರೇ ಬೇಗ ಬದಲಾಗುತ್ತದೆ.

ವಾಸ್ತವ: 1950ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು, ಪುಸ್ತಕದಲ್ಲಿ ಅವಕ್ಕೆ ವಂಗಲ, ದಾಲೆನ ಎಂದು ಹೆಸರಿಟ್ಟರು. ನಾಲೆ ನೀರು ಸಿಕ್ಕ ವಂಗಲ ಕಬ್ಬು ಬೆಳೆದು ದುಡ್ಡು ಕಂಡಿತು, ಆದರೆ ಹಳೆಯ ಕಟ್ಟುಪಾಡು ಹೆಚ್ಚು ಕದಲಲಿಲ್ಲ. ನೀರು ಸಿಗದ ದಾಲೆನದವರೇ ಕೆಲಸ, ವ್ಯಾಪಾರ ಅರಸಿ ಹೊರಬಿದ್ದರು. ಆಳವಾಗಿ ಬದಲಾದದ್ದು ಆ ಊರು.

ತಪ್ಪು ಕಲ್ಪನೆ: ಹೊಲ ಬಿಡುವುದು ಎಲ್ಲರಿಗೂ ಒಂದೇ ತರಹ.

ವಾಸ್ತವ: 2023-24ರ ಕಾರ್ಮಿಕ ಸಮೀಕ್ಷೆಯಂತೆ ದೇಶದ ಹಳ್ಳಿಗಳಲ್ಲಿ ದುಡಿಯುವ ಗಂಡಸರಲ್ಲಿ ಅರ್ಧದಷ್ಟು ಮಂದಿ ಮಾತ್ರ ಕೃಷಿಯಲ್ಲಿದ್ದಾರೆ, ಹೆಂಗಸರಲ್ಲಿ ನಾಲ್ಕರಲ್ಲಿ ಮೂವರು. ಇನ್ನು ಭೂಸ್ವಾಧೀನದಲ್ಲಿ ಹಣ ಹೋಗುವುದು ಪಹಣಿಯಲ್ಲಿ ಹೆಸರಿದ್ದವರ ಮನೆಗೆ. ಅದೇ ಹೊಲದಲ್ಲಿ ಕಳೆ ಕಿತ್ತವಳಿಗೆ, ವಾರಕ್ಕೆ ಮಾಡಿದವನಿಗೆ ಕೂಲಿಯೂ ಇಲ್ಲ, ರೂಮು ಕಟ್ಟಲು ಹಿತ್ತಲೂ ಇಲ್ಲ. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಮೂರು ವರ್ಷ ಆ ನೆಲವನ್ನೇ ನಂಬಿ ದುಡಿದ ಕೂಲಿಕಾರರನ್ನೂ ಗೇಣಿದಾರರನ್ನೂ ಸಂತ್ರಸ್ತ ಕುಟುಂಬವೆಂದು ಒಪ್ಪಿತು. ಹೆಬ್ಬಾಳದ ಹೊಲಗಳು ಅಷ್ಟರಲ್ಲಾಗಲೇ ಹೋಗಿದ್ದವು.