ಸ್ಟೀಲ್ ಫ್ರೇಮ್ ಸೈಕಲ್: ಹಾಯಾದ ಸವಾರಿಯ ಗುಟ್ಟು ಎಲ್ಲಿದೆ?

ರೋಡ್ ಸೈಕಲ್ ಕೊಳ್ಳಲು ಹೊರಟವರಿಗೆ ಎರಡು ಮಾತು ತಪ್ಪದೆ ಕಿವಿಗೆ ಬೀಳುತ್ತವೆ. ಒಂದು, ‘ಸ್ಟೀಲ್ ಅಂದರೆ ಭಾರ’. ಇನ್ನೊಂದು, ‘ಸ್ಟೀಲ್ ಫ್ರೇಮ್ ರಸ್ತೆಯ ಕುಲುಕಾಟವನ್ನೆಲ್ಲ ನುಂಗುತ್ತದೆ, ದುಬಾರಿ ಸ್ಟೀಲ್ ಆದರಂತೂ ಇನ್ನೂ ಮೆತ್ತಗೆ’. ಎರಡೂ ಅರ್ಧ ಸತ್ಯಗಳೇ. ಇವನ್ನು ನಂಬಿ ಹಣ ಸುರಿದ ಮೇಲೂ ಬೆನ್ನು, ಅಂಗೈಗಳ ನೋವು ಹಾಗೆಯೇ ಉಳಿಯಬಹುದು. ಹಾಗಾದರೆ ನಿಜವೇನು? ನೋಡೋಣ.

ಸ್ಟೀಲ್ ಹಗುರವಾಗುವುದು ಹೇಗೆ?

ಒಂದು ಘನ ಸೆಂಟಿಮೀಟರ್ ಸ್ಟೀಲ್ ಸುಮಾರು 7.8 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ 2.7 ಗ್ರಾಂ. ಅಗ್ಗದ ಸ್ಟೀಲಿಗೂ ದುಬಾರಿ ಸ್ಟೀಲಿಗೂ ಈ ತೂಕ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಬಲದಲ್ಲಿ. ಕ್ರೋಮಿಯಂ, ಮಾಲಿಬ್ಡಿನಂ ಬೆರೆತ ‘ಕ್ರೋಮೋಲಿ’ ಸಾಮಾನ್ಯ ಸ್ಟೀಲಿಗಿಂತ ಗಟ್ಟಿ. ಆದ್ದರಿಂದ ಕೊಳವೆಯ ಗೋಡೆಯನ್ನು ತೆಳುವಾಗಿಸಬಹುದು. ಜೋಡಣೆಯ ತುದಿಗಳಲ್ಲಿ 0.8 ಮಿ.ಮೀ., ನಡುವೆ 0.5 ಮಿ.ಮೀ. ದಪ್ಪವಿರುವಂಥ ಕೊಳವೆಗೆ ‘ಬಟೆಡ್’ ಎನ್ನುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ರೆನಾಲ್ಡ್ಸ್ 1897ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದರು. ಇಂದಿನ ಒಳ್ಳೆಯ ಬಟೆಡ್ ಫ್ರೇಮ್ 2 ಕೆ.ಜಿ. ಆಸುಪಾಸಿನಲ್ಲಿರುತ್ತದೆ.

ಇನ್ನೂ ಅರ್ಧ ಕೆ.ಜಿ. ಇಳಿಸಿದರೆ? ಸವಾರ ಮತ್ತು ಸೈಕಲ್ ಸೇರಿ 84 ಕೆ.ಜಿ. ಎಂದುಕೊಳ್ಳಿ. ಅರ್ಧ ಕೆ.ಜಿ. ಎಂದರೆ ಶೇ. 0.6. ಒಂದು ಗಂಟೆಯ ಕಡಿದಾದ ಏರಿನಲ್ಲಿ ಉಳಿಯುವುದು ಸುಮಾರು 20 ಸೆಕೆಂಡ್ ಮಾತ್ರ! ಗೋಡೆ ತೀರಾ ತೆಳುವಾದರೆ ಸಣ್ಣ ಪೆಟ್ಟಿಗೂ ತಗ್ಗು ಬೀಳುತ್ತದೆ.

ಹಾಯೆನಿಸುವುದು ಯಾವುದರಿಂದ?

ಬಲ ಬೇರೆ, ಬಿಗಿತ ಬೇರೆ. ಬಿಗಿತವನ್ನು ಅಳೆಯುವ ಸ್ಥಿತಿಸ್ಥಾಪಕ ಗುಣಾಂಕ ಎಲ್ಲ ಬಗೆಯ ಸ್ಟೀಲಿಗೂ ಸುಮಾರು 200 ಗಿಗಾಪ್ಯಾಸ್ಕಲ್. ಹಾಗಾಗಿ ಫ್ರೇಮ್ ಮೇಲಿನ ಸ್ಟಿಕ್ಕರ್ ನೋಡಿ ಮೆದುತನ ಹೇಳಲಾಗದು. ಕೊಳವೆಯ ವ್ಯಾಸ ಮತ್ತು ಗೋಡೆಯ ದಪ್ಪ ಅದನ್ನು ನಿರ್ಧರಿಸುತ್ತವೆ. ಅದೂ ಅಲ್ಲದೆ, ತ್ರಿಕೋನಾಕಾರದ ಫ್ರೇಮ್ ಮೇಲಿನಿಂದ ಬೀಳುವ ಭಾರಕ್ಕೆ ಬಾಗುವುದು ಅತಿ ಕಡಿಮೆ. ಗುಂಡಿ ಸಿಕ್ಕಾಗ ಹಲವು ಮಿಲಿಮೀಟರ್ ಅಮುಕಿಕೊಂಡು ಪೆಟ್ಟು ತಿನ್ನುವುದು ಟೈರಿನೊಳಗಿನ ಗಾಳಿ. 23 ಮಿ.ಮೀ. ಟೈರ್ ಬದಲು 28 ಅಥವಾ 32 ಮಿ.ಮೀ. ಟೈರ್ ಹಾಕಿ, ಗಾಳಿಯನ್ನು ತುಸು ಕಡಿಮೆ ಇಟ್ಟರೆ ಆಗುವ ಬದಲಾವಣೆಯನ್ನು ಯಾವ ದುಬಾರಿ ಸ್ಟೀಲೂ ತರದು.

ಅಂಗಡಿಯಲ್ಲಿ ಏನು ನೋಡಬೇಕು?

ಟೈರ್, ಸೀಟು, ಹ್ಯಾಂಡಲ್‌ಗಳನ್ನು ಆಮೇಲೆ ಬದಲಿಸಬಹುದು, ಫ್ರೇಮ್‌ನ ಅಳತೆಯನ್ನಲ್ಲ. ಆದ್ದರಿಂದ:

• ಫ್ರೇಮ್, ಫೋರ್ಕ್, ಬ್ರೇಕ್‌ಗಳ ನಡುವೆ ಕನಿಷ್ಠ 28 ಮಿ.ಮೀ. ಟೈರ್ ಹಿಡಿಸುತ್ತದೆಯೇ?
• ಮುಂಭಾಗದ ಎತ್ತರ ಮತ್ತು ಮುಂಚಾಚು ನಿಮ್ಮ ಮೈಗೆ ಒಗ್ಗುತ್ತವೆಯೇ? ಮೊಣಕೈ ಸಡಿಲವಾಗಿ ಮಡಚಿರಬೇಕು, ಕತ್ತು ಸೆಟೆಯಬಾರದು.
• ಕೊಳವೆಯೊಳಗೆ ಸೇರಿದ ಮಳೆನೀರು ಹೊರಹೋಗಲು ಪೆಡಲ್ ಅಚ್ಚಿನ ಬಳಿ ತೂತು ಇದೆಯೇ? ಒಳಗಿನಿಂದ ಹಿಡಿಯುವ ತುಕ್ಕು ಕಣ್ಣಿಗೆ ಬೀಳುವುದಿಲ್ಲ.

ಈ ಮೂರೂ ಸರಿಯಿದ್ದರೆ ಮಾತ್ರ ತೂಕದ ಮಾತು ಎತ್ತೋಣ. ಸೈಕಲನ್ನು ಒಂದು ಕೈಯಲ್ಲಿ ಎತ್ತಿ ನೋಡುವುದಕ್ಕಿಂತ ಹತ್ತು ನಿಮಿಷ ತುಳಿದು ನೋಡುವುದೇ ಮೇಲು.