ಹೊಲಿಗೆ ಡಾಕ್ಟರದ್ದು, ಗಾಯ ಕೂಡಿಸುವುದು ಮೇವಿನದ್ದು

ಹಸುವಿನ ಹೊಟ್ಟೆ ಕೊಯ್ದು ಪ್ಲಾಸ್ಟಿಕ್ ತೆಗೆದ ಮಾರನೆಯ ದಿನ ನಮಗೆ ಬರುವ ಫೋನುಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ. "ಡಾಕ್ಟ್ರೇ, ಹೊಲಿಗೆ ಹಾಕಿದ ಜಾಗ ಊದ್ಕೊಂಡಿದೆ, ಮುಟ್ಟಿದ್ರೆ ಬಿಸಿ. ಹಾಲೂ ಅರ್ಧಕ್ಕೆ ಇಳಿದಿದೆ. ಆಪರೇಷನ್ ಮಾಡಿಸಿದ್ದೇ ತಪ್ಪಾಯ್ತಾ?" ಬಹಳಷ್ಟು ಸಲ ತಪ್ಪೇನೂ ಆಗಿರುವುದಿಲ್ಲ ತಾಯಂದಿರೇ. ಮೈ ತನ್ನ ಕೆಲಸ ಶುರು ಮಾಡಿದೆ ಎಂದಷ್ಟೇ ಅದರ ಅರ್ಥ.

ಕೊಯ್ದ ಜಾಗಕ್ಕೆ ಮೊದಲು ರಕ್ತ ಹೆಚ್ಚಾಗಿ ಹರಿದು ಬರುತ್ತದೆ. ಅದರ ಜೊತೆ ಬಿಳಿ ರಕ್ತಕಣಗಳು ಬಂದು ಸತ್ತ ಮಾಂಸ, ಒಳಗೆ ಸೇರಿದ ರೋಗಾಣು ಎಲ್ಲವನ್ನೂ ತಿಂದು ಗುಡಿಸುತ್ತವೆ. ಮೊದಲ ಮೂರು ನಾಲ್ಕು ದಿನದ ಊತ, ಬಿಸಿ, ನೋವು ಇದರಿಂದಲೇ. ಆಮೇಲೆ ನಾರಿನಂಥ ಹೊಸ ಪ್ರೋಟೀನಿನ ಎಳೆಗಳು ಹುಟ್ಟಿ ಎರಡೂ ಅಂಚುಗಳನ್ನು ಹೆಣೆಯುತ್ತವೆ. ನಾವು ಹಾಕುವ ದಾರ ಈ ಹೆಣಿಗೆ ಗಟ್ಟಿಯಾಗುವವರೆಗೆ ಹಿಡಿದಿಡಲು ಮಾತ್ರ. ಚರ್ಮದ ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತೇವೆ. ಒಳಗಿನ ಮಾಂಸ ಗಟ್ಟಿಯಾಗಲು ಇನ್ನೂ ವಾರಗಳು ಬೇಕು. ಅಲ್ಲಿಯವರೆಗೆ ದಿಣ್ಣೆ ಹತ್ತಿಸುವುದು, ಬೇರೆ ಹಸುಗಳ ಜೊತೆ ಬಿಟ್ಟು ಗುದ್ದಾಡಲು ಅವಕಾಶ ಕೊಡುವುದು ಬೇಡ.

ಹಾಲು ಇಳಿಯುವುದಕ್ಕೂ ಕಾರಣವಿದೆ. ಕೊಯ್ತ ಆದ ಕೂಡಲೇ ಇಡೀ ಮೈ ಕಷ್ಟಕಾಲದ ಲೆಕ್ಕಕ್ಕೆ ಇಳಿಯುತ್ತದೆ. ಕೆಲವು ಹಾರ್ಮೋನುಗಳು ಏರಿ ರಕ್ತದಲ್ಲಿ ಸಕ್ಕರೆ ಹೆಚ್ಚಿಸುತ್ತವೆ, ಮಾಂಸಖಂಡದಲ್ಲಿರುವ ಪ್ರೋಟೀನನ್ನು ಕರಗಿಸಿ ಗಾಯದ ಕಡೆಗೆ ಕಳಿಸುತ್ತವೆ. ಹಸು ಮೇವು ಬಿಟ್ಟಷ್ಟೂ ಈ ಕರಗುವಿಕೆ ಹೆಚ್ಚು. ವಾರದಲ್ಲಿ ಬೆನ್ನು, ತೊಡೆ ಇಳಿದು ಹೋಗುವುದನ್ನು ನೀವೇ ನೋಡಿರುತ್ತೀರಿ. ಕೆಚ್ಚಲಿಗೆ ಹೋಗಬೇಕಾದ್ದು ಆ ದಿನಗಳಲ್ಲಿ ಗಾಯಕ್ಕೆ ಹೋಗುತ್ತಿರುತ್ತದೆ.

ಗಾಬರಿಯಾಗಬೇಕಾದ್ದು ಯಾವಾಗ? ನಾಲ್ಕೈದು ದಿನ ಕಳೆದರೂ ಊತ ಇಳಿಯದೆ ಹೆಚ್ಚುತ್ತಿದ್ದರೆ, ಹೊಲಿಗೆಯಿಂದ ವಾಸನೆಯ ಕೀವು ಬಂದರೆ, ಎರಡು ದಿನದ ನಂತರವೂ ಜ್ವರ 103 ಡಿಗ್ರಿ ದಾಟಿದರೆ, ಮೆಲುಕು ಹಾಕದೆ ಮೂಲೆಯಲ್ಲಿ ನಿಂತರೆ ಅಂದೇ ತಿಳಿಸಿ. ನೊಣ ಕೂರದಂತೆ ನೋಡಿಕೊಳ್ಳಿ, ಹುಳ ಬಿದ್ದರೆ ಎಲ್ಲ ಕೆಲಸವೂ ಮೊದಲಿಗೆ ಬರುತ್ತದೆ. ಅರಿಶಿನ, ಬೂದಿ, ಸಗಣಿ ಯಾವುದನ್ನೂ ಹೊಲಿಗೆ ಮೇಲೆ ಹಚ್ಚಬೇಡಿ. ಆಂಟಿಬಯಾಟಿಕ್ ಕೊಟ್ಟಿರುವ ಹಸುವಿನ ಹಾಲನ್ನು ಚೀಟಿಯಲ್ಲಿ ಬರೆದಷ್ಟು ದಿನ ಡೈರಿಗೆ ಹಾಕುವಂತಿಲ್ಲ. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರೇ ಸರಿಯಾಗಿ ಕೂರುವುದಿಲ್ಲ. ಹೆಪ್ಪಿನ ಜೀವಾಣುಗಳನ್ನೂ ಔಷಧಿ ಸಾಯಿಸುತ್ತದೆ.

ಹೆಪ್ಪಿನ ಮಾತು ಬಂತಲ್ಲ, ಹಸುವಿನ ದೊಡ್ಡ ಹೊಟ್ಟೆಯೂ ಒಂದು ಹೆಪ್ಪಿನ ಗಡಿಗೆಯೇ. ಅಲ್ಲಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು ಹುಲ್ಲನ್ನು ಹುದುಗಿಸುತ್ತವೆ, ತಾವು ಬೆಳೆಯುತ್ತವೆ, ಮುಂದಿನ ಹೊಟ್ಟೆಗೆ ಇಳಿದು ತಾವೇ ಹಸುವಿಗೆ ಪ್ರೋಟೀನ್ ಆಗುತ್ತವೆ. ಪ್ಲಾಸ್ಟಿಕ್ ತುಂಬಿ ದಿನಗಟ್ಟಲೆ ಮೇವು ಬಿಟ್ಟ ಹಸುವಿನಲ್ಲಿ ಇವು ಹಸಿದು ಸತ್ತಿರುತ್ತವೆ. ಅದಕ್ಕೇ ಕೆಲವೊಮ್ಮೆ ಆರೋಗ್ಯವಂತ ಹಸುವಿನ ಹೊಟ್ಟೆಯ ರಸ ತೆಗೆದು ಇದಕ್ಕೆ ಕುಡಿಸುತ್ತೇವೆ. ನೋಡಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಪಕ್ಕದ ಮನೆಯಿಂದ ಹೆಪ್ಪು ತಂದ ಹಾಗೆ ಅಷ್ಟೇ.

ಹೆಪ್ಪು ಬಂದ ಮೇಲೆ ಅದಕ್ಕೆ ತಿನ್ನಲು ಏನಿದೆ? ರಾಗಿ ಹುಲ್ಲು, ಭತ್ತದ ಹುಲ್ಲಿನಲ್ಲಿ ಒಣ ತೂಕದ 100ಕ್ಕೆ ಮೂರು ನಾಲ್ಕು ಭಾಗವಷ್ಟೇ ಪ್ರೋಟೀನ್. ಕುದುರೆಮೆಂತ್ಯದಲ್ಲಿ 18ರಿಂದ 20, ಅಲಸಂದೆಯಲ್ಲಿ 15ಕ್ಕೂ ಮೇಲೆ. ಈ ದ್ವಿದಳ ಗಿಡಗಳಿಗೆ ಅಷ್ಟು ಪ್ರೋಟೀನ್ ಬರುವುದು ಅವುಗಳ ಬೇರಿನಲ್ಲಿರುವ ಬಾಡಿಗೆದಾರರಿಂದ.

ಪ್ರೋಟೀನಿಗೆ ಸಾರಜನಕ ಬೇಕೇ ಬೇಕು. ಗಾಳಿಯಲ್ಲಿ 78 ಭಾಗ ಅದೇ ಇದ್ದರೂ ಯಾವ ಗಿಡವೂ ಅದನ್ನು ನೇರ ತೆಗೆದುಕೊಳ್ಳಲಾರದು. ರೈಜೋಬಿಯಂ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಅಲಸಂದೆ, ಹುರುಳಿ, ಕುದುರೆಮೆಂತ್ಯ, ಚೊಗಚೆಯಂಥ ಗಿಡಗಳ ಬೇರಿನೊಳಗೆ ಹೋಗಿ ಗಂಟು ಕಟ್ಟಿ ಕೂರುತ್ತದೆ. ಗಿಡ ಸಕ್ಕರೆ ಕೊಡುತ್ತದೆ, ಅದು ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿಸುವ ರೂಪಕ್ಕೆ ತಿರುಗಿಸಿ ಕೊಡುತ್ತದೆ. 1888ರಲ್ಲಿ ಬೈಯರಿಂಕ್ ಎಂಬ ಡಚ್ ವಿಜ್ಞಾನಿ ಈ ಗಂಟಿನಿಂದ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ ತೋರಿಸಿದರು.

ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮಣ್ಣಿನ ಸಮೇತ ಗುದ್ದಲಿಯಿಂದ ಎಬ್ಬಿಸಿ ನೋಡಿ. ಎಳೆದರೆ ಗಂಟು ಮಣ್ಣಲ್ಲೇ ಉಳಿದುಬಿಡುತ್ತದೆ. ಬೇರಿನ ಗಂಟನ್ನು ಉಗುರಿನಿಂದ ಸೀಳಿ. ಒಳಗೆ ಗುಲಾಬಿ ಬಣ್ಣವಿದ್ದರೆ ಬ್ಯಾಕ್ಟೀರಿಯಾ ಕೆಲಸ ಮಾಡುತ್ತಿದೆ. ಹಸುವಿನ ರಕ್ತವನ್ನು ಕೆಂಪಾಗಿಸುವ ಹಿಮೋಗ್ಲೋಬಿನ್ನಿನ ನೆಂಟ ಅಲ್ಲಿರುತ್ತದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಕೆಲಸ ನಡೆಯುತ್ತಿಲ್ಲ. ಯೂರಿಯಾ ಧಾರಾಳವಾಗಿ ಹಾಕಿದ ಹೊಲದಲ್ಲಿ ಗಂಟೇ ಕಡಿಮೆ ಇರುತ್ತದೆ. ಪುಕ್ಕಟೆ ಸಿಗುವಾಗ ಗಿಡ ಬಾಡಿಗೆದಾರರನ್ನು ಸಾಕುವುದಿಲ್ಲ.

ಬಿತ್ತುವ ಮೊದಲು ಬೀಜಕ್ಕೆ ರೈಜೋಬಿಯಂ ಲೇಪಿಸುವುದು ಸುಲಭ. ಬೆಲ್ಲದ ನೀರಿನ ಅಂಟಿನಲ್ಲಿ ಪುಡಿ ಕಲಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಿ. ಬಿಸಿಲಿಗೆ ಇಟ್ಟರೆ ಬ್ಯಾಕ್ಟೀರಿಯಾ ಸಾಯುತ್ತದೆ. ಅಲಸಂದೆಗೆ ತಂದ ಪೊಟ್ಟಣ ಕುದುರೆಮೆಂತ್ಯಕ್ಕೆ ನಡೆಯದು, ಎರಡರ ಬ್ಯಾಕ್ಟೀರಿಯಾ ಬೇರೆ ಬೇರೆ. ಅಂಗಡಿಯಲ್ಲಿ ಬೆಳೆಯ ಹೆಸರು ಹೇಳಿಯೇ ತನ್ನಿ. ಜಾಗ ಕಡಿಮೆ ಇದ್ದವರು ಮೂರು ಸಾಲು ಮುಸುಕಿನ ಜೋಳಕ್ಕೆ ಒಂದು ಸಾಲು ಅಲಸಂದೆ ಹಾಕಬಹುದು, ಬದುವಿನಲ್ಲಿ ನಾಲ್ಕು ಚೊಗಚೆ ನೆಡಬಹುದು.

ಆದರೆ ಆಪರೇಷನ್ ಆದ ಹಸುವಿಗೆ ಹಸಿ ಕುದುರೆಮೆಂತ್ಯವನ್ನು ಮೊದಲ ದಿನವೇ ಹೊರೆಗಟ್ಟಲೆ ಹಾಕಿದರೆ ಹೊಟ್ಟೆ ಉಬ್ಬರ ಬಂದು ಹೊಲಿಗೆಯೇ ಎಳೆಯುತ್ತದೆ. ಮೊದಲೆರಡು ಮೂರು ದಿನ ಮೆತ್ತನೆ ಹುಲ್ಲು ಸ್ವಲ್ಪ ಸ್ವಲ್ಪವಾಗಿ, ಕುಡಿಯಲು ಸಾಕಷ್ಟು ನೀರು. ಮೆಲುಕು ಸರಿಯಾಗಿ ಶುರುವಾದ ಮೇಲೆ ಕುದುರೆಮೆಂತ್ಯ ಅಥವಾ ಅಲಸಂದೆಯನ್ನು ಬೆಳಿಗ್ಗೆ ಕೊಯ್ದು, ಬಾಡಿಸಿ, ಸಂಜೆ ಒಣ ಹುಲ್ಲಿನ ಜೊತೆ ಬೆರೆಸಿ ಒಂದೆರಡು ಹಿಡಿಯಿಂದ ಆರಂಭಿಸಿ, ದಿನಕ್ಕೊಂದಿಷ್ಟು ಏರಿಸಿ. ಹಿಂಡಿ, ಪಶು ಆಹಾರವನ್ನು ಡಾಕ್ಟರು ಹೇಳಿದ ದಿನದಿಂದ ಕೊಡಿ. ಖನಿಜ ಮಿಶ್ರಣ ತಪ್ಪಿಸಬೇಡಿ. ಅದರ ಕೊರತೆಯಿಂದಲೂ ಹಸು ಕಂಡದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ತರಕಾರಿ ಸಿಪ್ಪೆಯನ್ನು ಕ್ಯಾರಿಬ್ಯಾಗಲ್ಲಿ ಕಟ್ಟಿ ಬೀದಿಗೆಸೆಯುವವರು ಎಲ್ಲ ಊರಲ್ಲೂ ಇರುವಾಗ, ಒಮ್ಮೆ ಹೊಟ್ಟೆ ಕೊಯ್ಸಿಕೊಂಡ ಹಸುವನ್ನು ಬೀದಿಗೆ ಬಿಡದೆ ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವುದು ಒಳ್ಳೆಯದು.