ಉಣ್ಣೆ ಬಟ್ಟೆಯ ಆರೈಕೆ: ಒಗೆಯುವುದು ಹೇಗೆ, ಎತ್ತಿಡುವುದು ಹೇಗೆ?

ಮಲೆನಾಡಿನಲ್ಲಿ ಮಳೆಯೂ ಜಾಸ್ತಿ, ಚಳಿಯೂ ಜಾಸ್ತಿ. ಸ್ವೆಟರ್, ಶಾಲು, ಮಕ್ಕಳ ಟೋಪಿ, ಕಾಲುಚೀಲ ಇಲ್ಲದ ಮನೆಯಿಲ್ಲ. ನಮ್ಮ ಸಂಘಗಳ ಸಹೋದರಿಯರಲ್ಲಿ ಅನೇಕರು ಇವನ್ನು ಕೈಯಿಂದಲೇ ಹೆಣೆಯುತ್ತಾರೆ. ಮನೆಗೆಲಸ, ತೋಟದ ಕೆಲಸದ ನಡುವೆ ಒಂದು ಸ್ವೆಟರ್ ಮುಗಿಯಲು ವಾರಗಟ್ಟಲೆ ಹಿಡಿಯುತ್ತದೆ. ಅದು ಒಂದೇ ಒಗೆತಕ್ಕೆ ಗೊಂಬೆಯ ಅಂಗಿಯಷ್ಟಾದರೆ ನೂಲಿನ ದುಡ್ಡೂ ಹೋಯ್ತು, ದುಡಿಮೆಯೂ ಹೋಯ್ತು. ಎತ್ತಿಡುವ ಕ್ರಮ ತಪ್ಪಿದರೆ ಹಸುಗೂಸಿನ ಜೀವಕ್ಕೇ ಅಪಾಯವಿದೆ. ಆದ್ದರಿಂದ ಈ ವಿಷಯವನ್ನು ಸ್ವಲ್ಪ ತಿಳಿದುಕೊಳ್ಳೋಣ.

ಮೊದಲು ನೂಲು ಯಾವುದೆಂದು ನೋಡಿ

ಅಂಗಡಿಯಲ್ಲಿ 'ಉಲ್ಲನ್' ಅಂತ ಕೊಡುವುದೆಲ್ಲ ಉಣ್ಣೆಯಲ್ಲ. ಕಡಿಮೆ ಬೆಲೆಯ ನೂಲು ಹೆಚ್ಚಾಗಿ ಅಕ್ರಿಲಿಕ್ ಆಗಿರುತ್ತದೆ. ಒಂದು ಎಳೆಯನ್ನು ಇಕ್ಕಳದಲ್ಲಿ ಹಿಡಿದು, ನೀರಿನ ಬೋಗುಣಿಯ ಮೇಲೆ ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಗಂಟಾಗುತ್ತದೆ. ಹತ್ತಿಗೆ ಕಾಗದ ಸುಟ್ಟ ವಾಸನೆ.

ಉಣ್ಣೆ ಯಾಕೆ ಕುಗ್ಗುತ್ತದೆ?

ಉಣ್ಣೆ ನಮ್ಮ ಕೂದಲಿನಂತೆಯೇ ಪ್ರೋಟೀನಿನಿಂದ ಆದದ್ದು. ಅದರ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಪದರಗಳಿವೆ. ಬಿಸಿನೀರಿನಲ್ಲಿ ನೆನೆಸಿ ತಿಕ್ಕಿದರೆ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ದಪ್ಪವಾಗಿ ಗಿಡ್ಡವಾಗುತ್ತದೆ. ಹೀಗಾದ ಮೇಲೆ ಎಷ್ಟು ಎಳೆದರೂ ಮೊದಲಿನಂತಾಗದು. ಸೋಡಾ, ಖಾರವಾದ ಬಾರ್ ಸೋಪು ಉಣ್ಣೆಯನ್ನು ಸವೆಸುತ್ತವೆ. ಬ್ಲೀಚಿಂಗ್ ಪೌಡರ್ ಉಣ್ಣೆಯನ್ನು ಕರಗಿಸಿಯೇ ಬಿಡುತ್ತದೆ. ಕಲೆ ತೆಗೆಯಲು ಎನ್‌ಜೈಮ್ ಸೇರಿಸಿದ ಪುಡಿಗಳೂ ಬೇಡ, ಅವು ಪ್ರೋಟೀನನ್ನೇ ತಿನ್ನುತ್ತವೆ.

ಒಗೆಯುವ ಕ್ರಮ

1. ಪ್ರತಿಸಲ ಹಾಕಿಕೊಂಡ ಮೇಲೆ ಒಗೆಯಬೇಕಾಗಿಲ್ಲ. ಕೊಡವಿ ಗಾಳಿಗೆ ಹರಡಿದರೆ ಸಾಕು.
2. ಒಗೆಯುವ ಮುಂಚೆ ಸ್ವೆಟರನ್ನು ಹಳೆ ಪೇಪರ್ ಮೇಲಿಟ್ಟು ಸುತ್ತ ಗೆರೆ ಎಳೆದುಕೊಳ್ಳಿ.
3. ತಣ್ಣೀರು ಅಥವಾ ಕೈಗೆ ಹಿತವಾಗುವಷ್ಟೇ ಬೆಚ್ಚಗಿನ ನೀರು ಸಾಕು. ಅಂಟುವಾಳ ಕಾಯಿಯ ನೊರೆ ಬಹಳ ಒಳ್ಳೆಯದು. ಕಾಯಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಕಿವುಚಿ ಸೋಸಿ. ಅಥವಾ ಸ್ವಲ್ಪ ಶಾಂಪೂ ಹಾಕಬಹುದು.
4. ಕಲ್ಲಿಗೆ ಬಡಿಯಬೇಡಿ, ಬ್ರಷ್ ಹಾಕಬೇಡಿ. ಮೆಲ್ಲಗೆ ಅದುಮಿ ಬಿಡಿ. ಜಾಲಾಡುವ ನೀರೂ ಅಷ್ಟೇ ಬೆಚ್ಚಗಿರಲಿ.
5. ಹಿಂಡಬೇಡಿ. ಒಣ ಟವೆಲಿನಲ್ಲಿ ಚಾಪೆಯಂತೆ ಸುತ್ತಿ ಒತ್ತಿ.
6. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಜೋತು ಬೀಳುತ್ತದೆ. ನೆರಳಲ್ಲಿ ಚಾಪೆಯ ಮೇಲೆ, ಗೆರೆ ಎಳೆದ ಅಳತೆಗೆ ಸರಿಪಡಿಸಿ ಹರಡಿ.

ರೇಷ್ಮೆ ನೂಲಿನ ಹೆಣಿಗೆಗೂ ಇದೇ ಕ್ರಮ. ಹತ್ತಿ ನೂಲಿನದು ಸೋಪನ್ನು ತಡೆದುಕೊಳ್ಳುತ್ತದೆ, ಆದರೆ ನೇತುಹಾಕಿದರೆ ಉದ್ದವಾಗುತ್ತದೆ. ಕುರುಬರು ನೇಯುವ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿರುತ್ತಾರೆ. ಪದೇ ಪದೇ ಒಗೆದರೆ ಗಂಜಿ ಹೋಗಿ ಬಿಗಿ ತಪ್ಪುತ್ತದೆ. ಅದನ್ನು ಬಿಸಿಲಿಗೆ ಹಾಕಿ ಕೊಡವುವುದೇ ಸರಿ.

ತೂತು ಮಾಡುವ ಹುಳ

ಪೆಟ್ಟಿಗೆ ತೆರೆದಾಗ ಹಾರುವ ಸಣ್ಣ ಪತಂಗ ಬಟ್ಟೆ ತಿನ್ನುವುದಿಲ್ಲ. ಅದು ಇಟ್ಟ ಮೊಟ್ಟೆಯಿಂದ ಬಂದ ಮರಿಹುಳ ತಿನ್ನುತ್ತದೆ. ಬೆವರು, ಹಾಲು, ಊಟದ ಕಲೆಯಿದ್ದ ಕಡೆಯೇ ಅದಕ್ಕೆ ಹೆಚ್ಚು ಇಷ್ಟ. ಆದ್ದರಿಂದ ಮೈಲಿಗೆ ಬಟ್ಟೆಯನ್ನು ಎಂದೂ ಎತ್ತಿಡಬೇಡಿ. ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಡಬ್ಬಿ ಅಥವಾ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಿ. ತೇವ ಉಳಿದರೆ ಬೂಸು ಹಿಡಿಯುತ್ತದೆ. ಆಗಾಗ ಹೊರತೆಗೆದು ಬಿಸಿಲಲ್ಲಿ ಕೊಡವಿ, ಹೊಲಿಗೆಯ ಸಂದುಗಳನ್ನು ಬ್ರಷ್‌ನಿಂದ ಉಜ್ಜಿ. ಒಣಗಿದ ಬೇವಿನೆಲೆ ಇಡಬಹುದು, ಆದರೆ ಅದನ್ನೇ ನಂಬಿ ಕೂರಬೇಡಿ. ತೂತು ಕಂಡರೆ ಅಂದೇ ಅದೇ ನೂಲಿನಿಂದ ರಫು ಮಾಡಿ. ಇದಕ್ಕೆಂದು ಉಳಿದ ನೂಲನ್ನು ಎತ್ತಿಟ್ಟಿರಿ.

ನುಸಿಗುಳಿಗೆ ಮತ್ತು ಹಸುಗೂಸು

ಇದನ್ನು ತಾಯಂದಿರು, ಅಜ್ಜಿಯರು ದಯವಿಟ್ಟು ಗಮನವಿಟ್ಟು ಓದಬೇಕು. ಮೊದಲ ಮಗುವಿನ ಸ್ವೆಟರ್, ಟೋಪಿಯನ್ನು ನುಸಿಗುಳಿಗೆ ಹಾಕಿಟ್ಟು ಎರಡನೆಯದಕ್ಕೆ ತೊಡಿಸುವುದು ನಮ್ಮಲ್ಲಿ ರೂಢಿ. ಈ ಗುಳಿಗೆಯಲ್ಲಿ ನ್ಯಾಫ್ತಲಿನ್ ಇದ್ದರೆ ಅದರ ಆವಿ ಉಸಿರಿನಿಂದಲೂ ಚರ್ಮದಿಂದಲೂ ಮಗುವಿನ ಮೈಗೆ ಸೇರುತ್ತದೆ. ಮೈಗೆ ಎಣ್ಣೆ ಹಚ್ಚಿದ್ದರೆ ಇನ್ನೂ ಹೆಚ್ಚು ಸೇರುತ್ತದೆ. ಜಿ6ಪಿಡಿ ಎಂಬ ಅಂಶ ಹುಟ್ಟಿನಿಂದಲೇ ಕಡಿಮೆಯಿರುವ ಮಕ್ಕಳಲ್ಲಿ ಇದರಿಂದ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆಯಾಗಬಹುದು, ಮಿದುಳಿಗೂ ಪೆಟ್ಟಾಗಬಹುದು. ಈ ಕೊರತೆ ಮಗುವನ್ನು ನೋಡಿದರೆ ಗೊತ್ತಾಗುವುದಿಲ್ಲ. ಗ್ರೀಸ್ ದೇಶದ ವೈದ್ಯರು 1963ರಲ್ಲಿ ಹೀಗೆ ಕಾಯಿಲೆಯಾದ 21 ಹಸುಗೂಸುಗಳ ಬಗ್ಗೆ ಬರೆದರು. ಅವರಲ್ಲಿ ಇಬ್ಬರು ತೀರಿಕೊಂಡಿದ್ದರು. ಯುರೋಪ್ ಒಕ್ಕೂಟ 2008ರಲ್ಲಿ ಇಂಥ ಗುಳಿಗೆಯನ್ನು ನಿಷೇಧಿಸಿತು.

ಆದ್ದರಿಂದ ಮಕ್ಕಳ ಬಟ್ಟೆ, ಹೊದಿಕೆಗೆ ನುಸಿಗುಳಿಗೆ ಬೇಡವೇ ಬೇಡ. ಕರ್ಪೂರವೂ ಬೇಡ. ಈಗಾಗಲೇ ವಾಸನೆ ಹಿಡಿದಿದ್ದರೆ ಮಗುವಿಗೆ ಬೇರೆ ಬಟ್ಟೆ ಹಾಕಿ. ಗುಳಿಗೆಯನ್ನು ಮಿಠಾಯಿ ಅಂತ ಬಾಯಿಗೆ ಹಾಕಿಕೊಳ್ಳುವ ಮಕ್ಕಳೂ ಇರುತ್ತಾರೆ, ಎಚ್ಚರ. ಮಗುವಿನ ಕಣ್ಣು, ಮೈ ಹಳದಿಯಾದರೆ, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ, ಹಾಲು ಕುಡಿಯದೆ ಮಂಕಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಬಟ್ಟೆಯಲ್ಲಿ ನುಸಿಗುಳಿಗೆ ಇಟ್ಟಿದ್ದರೆ ಅದನ್ನೂ ವೈದ್ಯರಿಗೆ ಹೇಳಿ.

ಮುಂದಿನ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ. ಹೆರಿಗೆ ಹತ್ತಿರವಿರುವ ಮನೆಗಳಿಗೆ ಮೊದಲು ತಿಳಿಸಿ.